ಕೊನೆಯ ಸ್

ಕೌನಸ್ ಡಿಪೋದಲ್ಲಿ ರಾತ್ರಿ ಹನ್ನೊಂದೂವರೆ.
ಹೊರಗೆ ಮೈನಸ್ ಹದಿನಾಲ್ಕು. ಸಾಲಾಗಿ ನಿಂತ ಟ್ರಾಲಿಬಸ್ಸುಗಳು
ತಂತಿಯ ಕೈ ಬಿಟ್ಟು, ಕೋಲುಗಳನ್ನು ಬೆನ್ನಿಗೆ ಕಟ್ಟಿಕೊಂಡು ಮಲಗಿವೆ.
ಒಂದು ಮಾತ್ರ ಎಚ್ಚರ.
ಅದರ ಚಾವಣಿಯ ಹಲಗೆ ಬಿಚ್ಚಿ, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟು
ಕೂತಿದ್ದೇನೆ, ಉಗುರಿಗಿಂತ ಚಿಕ್ಕ ಚಿಪ್ಪೊಂದರ ಬಾಯಿ ತಿದ್ದಲು.

ದೂರು ಇಷ್ಟು: ನಿಲ್ದಾಣದ ಹೆಸರು ಹೇಳುವ ಹೆಂಗಸು
ಬಕೆಟ್ಟಿನೊಳಗೆ ತಲೆಯಿಟ್ಟು ಮಾತಾಡುತ್ತಾಳೆ.
ನಿಜ. ನೂರ ಎಂಬತ್ತು ಹರ್ಟ್ಸಿನಲ್ಲಿ ಸ್ಪೀಕರಿನ ಪ್ಲಾಸ್ಟಿಕ್ ಡಬ್ಬಿ
ಅವಳ ಒಂದೊಂದು ಮಾತಿಗೂ ಹೂಂಗುಟ್ಟುತ್ತದೆ.

ಒಂದು ಫಿಲ್ಟರಿಗೆ ಐದು ಸಂಖ್ಯೆ, ಇಪ್ಪತ್ತು ಬೈಟು.
ಒಂದು ಎಂಬುದನ್ನು ಅದು
ಸೊನ್ನೆ ಸೊನ್ನೆ ಎಂಟು, ಆಮೇಲೆ ಐದು ಸೊನ್ನೆ ಎಂದು ಬರೆದುಕೊಳ್ಳುತ್ತದೆ.
ಅದರ ನೆನಪೂ ಚಿಕ್ಕದು:
ಈಗ ಕೇಳಿದ್ದು, ಆಗಷ್ಟೇ ಕೇಳಿದ್ದು, ಅದಕ್ಕೂ ಹಿಂದಿನದು,
ಮತ್ತೆ ತಾನೇ ಆಡಿದ ಕೊನೆಯ ಎರಡು ಮಾತು.
ಐದಕ್ಕೂ ತೂಕ ಕಟ್ಟಿ, ಕೂಡಿ, ಆಮೇಲಷ್ಟೇ ಬಾಯಿ ತೆರೆಯುತ್ತದೆ,
ಸೆಕೆಂಡಿಗೆ ನಲವತ್ತೆಂಟು ಸಾವಿರ ಸಲ.
ಇಷ್ಟು ಯೋಚಿಸಿ ಮಾತಾಡುವವರನ್ನು ನಾನಂತೂ ಕಂಡಿಲ್ಲ.

ಮೊದಲ ಸಲ ಬರೆದೆ. ಟಪ್ ಅಂದಿತು.
ಗಂಟಲೊಳಗೆ ಗರಗಸ ಎಳೆದಂತೆ ಒಂದು ಕ್ಷಣ, ಆಮೇಲೆ
ಮನುಷ್ಯರಿಗೆ ಎಟುಕದ ಎತ್ತರ. ಗೇಟಿನ ನಾಯಿ ಎದ್ದು ನಿಂತಿತು.
ಸುಟ್ಟುಹೋಗುವ ಮೊದಲು ಚಿಪ್ಪು ತಾನೇ ಬಾಗಿಲು ಹಾಕಿಕೊಂಡಿತು.

ಪುಸ್ತಕದ ಲೆಕ್ಕ ಕಳೆಯುವುದನ್ನು ಈ ಚಿಪ್ಪು ಕೂಡುತ್ತದೆ.
ಕೊನೆಯ ಎರಡು ಸಂಖ್ಯೆಯಲ್ಲಿ ಋಣವನ್ನು ಧನ ಮಾಡಿ, ಧನವನ್ನು ಋಣ ಮಾಡಿ
ಕೊಡಬೇಕಂತೆ. ಎಪ್ಪತ್ತೊಂದನೇ ಪುಟ, ಅಡಿಟಿಪ್ಪಣಿ, ಇರುವೆಯಕ್ಷರ.
‘ಆಡಿದ ಮಾತಿನ ಋಣ ತೀರಿಸದವನು
ಕೊನೆಗೆ ಕಿರುಚಲೇಬೇಕು’ ಅಂತ ಅಂಗೈಮೇಲೆ ಬರೆದುಕೊಂಡೆ.
ನಾಚಿಕೆಯಾಗಿ ಉಜ್ಜಿ, ಬರೀ ‘ಚಿಹ್ನೆ!’ ಅಂತ ತಿದ್ದಿದೆ.

ಹಿಂದಿನ ಸೀಟಿನಲ್ಲಿ ವೈದೋತಸ್. ಮೂವತ್ತೆಂಟು ವರ್ಷ
ಗಾಳಿ ಕಂಪ್ರೆಸರುಗಳ ಪಕ್ಕ ನಿಂತ ಮೆಕ್ಯಾನಿಕ್.
“ಊಹಿಸಬೇಡ, ಕೇಳಿದ್ದನ್ನು ಕೇಳಿದ ಹಾಗೇ ಹೇಳು” ಅಂದೆ.
ಬಕೆಟ್ಟು ಹೋಗಿತ್ತು. ಹೆಂಗಸು ತಲೆಯೆತ್ತಿ ಮಾತಾಡಿದಳು:
ತಿಲ್ತಸ್. ಮಿಷ್ಕಸ್. ತುರ್ಗುಸ್.
ಸೇತುವೆ. ಕಾಡು. ಸಂತೆ.
“ತಿಲ್ತ,” ಅಂದ ವೈದೋತಸ್. “ಮಿಕ. ತುರ್ಗು.
ಬಾಲ ನುಂಗುತ್ತಾಳೆ ಇವಳು. ಸರಿಮಾಡು.”

ಅವಳು ನುಂಗುತ್ತಿರಲಿಲ್ಲ.

ನಮ್ಮ ಭಾಷೆಯಲ್ಲಿ ಗಂಡಸರ ಹೆಸರಿನ ಕೊನೆಗೆ ಒಂದು ಸ್ ಇರುತ್ತದೆ,
ಕೂಗಿ ಕರೆವಾಗ ಮಾತ್ರ ಉದುರುತ್ತದೆ: ವೈದೋತಾಯ್!
ಡಿಪೋದಲ್ಲಿ ಹಗಲಿಡೀ ಎಲ್ಲರೂ ಅವನನ್ನು ಕರೆಯುತ್ತಲೇ ಇರುತ್ತಾರೆ.
ಹೆಸರಿನ ಅಂಚು ಸವೆದದ್ದು ಅವನಿಗೆ ಹೇಗೆ ಗೊತ್ತಾಗಬೇಕು.

ಏನೂ ಹೇಳಲಿಲ್ಲ. ಐದು ಸಾವಿರ ಹರ್ಟ್ಸಿನಿಂದ ಮೇಲಕ್ಕೆ
ಒಂದು ಡೆಸಿಬೆಲ್. ಮೂರು. ಆರು.
ಒಂಬತ್ತಕ್ಕೆ ಅವನು ನೆಟ್ಟಗೆ ಕೂತ.
“ಸ್,” ಅಂದ. “ಹಾಂ, ಈಗ ಬಂದಳು.”
ನನ್ನ ಕಿವಿಯಲ್ಲಿ ಯಾರೋ ತಗಡು ಹೆರೆಯುತ್ತಿದ್ದರು.

ಒಂಬತ್ತು ಇಟ್ಟರೆ ಶಾಲೆಗೆ ಹೋಗುವ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ.
ಬರೆದದ್ದು ನಾಲ್ಕು.
“ಅದೇ ಇಟ್ಟೆಯಾ, ಸ್ಕಿರ್ಮಂತೆ?” ಅಂದ.
ಇಟ್ಟೆ ಅಂದೆ.

ಮುಖ್ಯ ಸ್ವಿಚ್ಚು ಇಳಿಸಿದ. ಚಿಪ್ಪು ಎಲ್ಲ ಮರೆಯಿತು;
ಅದರ ಹುಟ್ಟೇ ಹಾಗೆ. ನಾಲ್ಕೂಮುಕ್ಕಾಲಿಗೆ ಡ್ರೈವರು ಕೀಲಿ ತಿರುಗಿಸಿದಾಗ
ಪಕ್ಕದ ದೊಡ್ಡ ಚಿಪ್ಪು ಎದ್ದು, ಎರಡು ತಂತಿಯ ಮೇಲೆ
ಇಪ್ಪತ್ತಿಪ್ಪತ್ತು ಬೈಟಿನ ತುತ್ತು ಮಾಡಿ
ಮೊದಲಿಂದ ಉಣಿಸಬೇಕು, ನಾಳೆ, ನಾಡಿದ್ದು, ಬಸ್ಸು ಗುಜರಿಗೆ ಹೋಗುವ ತನಕ.

ಗೇಟಿನ ಬಳಿ ನಾಯಿಗೆ ರೈ ರೊಟ್ಟಿಯ ತುಂಡೆಸೆದು ಅವನು ಮುಂದೆ ಹೋದ.
ಬೆನ್ನ ಹಿಂದಿನಿಂದ ಕರೆದೆ, ಬೇಕೆಂದೇ ವ್ಯಾಕರಣ ತಪ್ಪಿ:
ವೈದೋತಸ್
ತಿರುಗದೆ ಕೈ ಎತ್ತಿದ.
ನಾಯಿ ಮಾತ್ರ ರೊಟ್ಟಿ ಬಿಟ್ಟು ನನ್ನನ್ನು ನೋಡಿತು,
ಇದೇನು ಹೀಗೆ ಕರೀತಾಳೆ ಅನ್ನುವ ಹಾಗೆ.